ಆಟೊಮ್ಯಾಟಿಕ್ ಗೇರ್‌ಬಾಕ್ಸ್: ಮನೆಯಲ್ಲಿ ಎಲ್ಲಿಯವರೆಗೆ ಕೈ ಹಾಕಬಹುದು?

“ಗೇರ್‌ಬಾಕ್ಸೇ ಹೋಗಿದೆ ಸಾರ್, ಇಳಿಸಬೇಕು.” ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರು ಅತಿ ಹೆಚ್ಚು ಹೆದರುವ ಮಾತು ಇದು. ಇಳಿಸಿ, ಬಿಚ್ಚಿ, ಮತ್ತೆ ಜೋಡಿಸುವ ಹೊತ್ತಿಗೆ ಬಿಲ್ಲು ಲಕ್ಷ ರೂಪಾಯಿ ದಾಟಿದರೂ ಕೇಳುವಂತಿಲ್ಲ. ಹಾಗಾಗಿ ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರಿಗೆ, ಅಷ್ಟು ದುಡ್ಡು ಸುರಿಯುವ ಮುಂಚೆ ಮನೆಯಂಗಳದಲ್ಲೇ ಒಂದು ಕೈ ನೋಡಿಬಿಡೋಣ ಅನ್ನಿಸುತ್ತದೆ. ನೋಡಬಹುದು. ಎಷ್ಟೋ ಸಲ ಕೆಟ್ಟಿರುವುದು ಗೇರ್‌ಬಾಕ್ಸ್ ಆಗಿರುವುದೇ ಇಲ್ಲ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಶುರು ಮಾಡುವ ಮೊದಲೇ ಗೊತ್ತಿರಬೇಕು. ನನ್ನ ಲೆಕ್ಕ ಇಷ್ಟೇ: ತೊಂದರೆ ಏನೆಂದು ಪತ್ತೆ ಹಚ್ಚುವುದು, ಹೊರಗಿನ ಸೆನ್ಸರ್ ಬದಲಿಸುವುದು, ಕೆಳಗಿನ ಪ್ಯಾನ್ ಬಿಚ್ಚಿ ಫಿಲ್ಟರ್ ಹಾಕಿ ಹೊಸ ಆಯಿಲ್ ತುಂಬುವುದು ಮನೆಯ ಕೆಲಸ. ಗೇರ್‌ಬಾಕ್ಸನ್ನು ಎಂಜಿನ್ನಿನಿಂದ ಬಿಡಿಸುವ ಮಾತು ಬಂತೋ, ಅದು ಗ್ಯಾರೇಜಿನ ಕೆಲಸ. ಎರಡರಲ್ಲೂ ರಿಪೇರಿಯ ಅರ್ಧ ಭಾಗ ಇರುವುದು ಕೊನೆಯ ಬೋಲ್ಟು ಬಿಗಿದ ಮೇಲಿನ ದಿನಗಳಲ್ಲಿ.

ನಿಮ್ಮದು ಯಾವ ಬಗೆ?

ಕ್ಲಚ್ ಪೆಡಲ್ ಇಲ್ಲದ ಕಾರಿಗೆಲ್ಲ ನಾವು ಆಟೊಮ್ಯಾಟಿಕ್ ಅನ್ನುತ್ತೇವೆ. ಒಳಗಿರುವ ಯಂತ್ರ ಮಾತ್ರ ಮುಖ್ಯವಾಗಿ ನಾಲ್ಕು ಬಗೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ಜನಪ್ರಿಯವಾದ ಎಎಂಟಿ ನಿಜಕ್ಕೂ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ನಮ್ಮ ಕೈಕಾಲುಗಳ ಬದಲು ಆಕ್ಚುಯೇಟರ್ ಮಾಡುತ್ತದೆ. ಅದರಲ್ಲಿ ಸವೆಯುವುದು ಕ್ಲಚ್ ಪ್ಲೇಟು, ಕೈಕೊಡುವುದು ಆಕ್ಚುಯೇಟರ್. ಹೋಂಡಾ ಸಿಟಿ, ಅಮೇಜ್‌ಗಳಲ್ಲಿ ಬರುವ ಸಿವಿಟಿಯಲ್ಲಿ ಹಂತಹಂತದ ಗೇರುಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟು ಓಡುತ್ತದೆ. ಪೋಲೊ ಜಿಟಿ ಟಿಎಸ್‌ಐ ಕಾರಿನ ಡಿಎಸ್‌ಜಿ, ಎರಡು ಕ್ಲಚ್ಚುಗಳ ಡಿಸಿಟಿ. ನಾಲ್ಕನೆಯದು ಪಳಗಿದ ಹಳೆಯ ಯಂತ್ರ, ಟಾರ್ಕ್ ಕನ್ವರ್ಟರ್. ಮಾರುತಿ ಸಿಯಾಜ್‌ನ ನಾಲ್ಕು ಗೇರಿನದು, ಇನೋವಾ ಕ್ರಿಸ್ಟಾ ಮತ್ತು ಡೀಸೆಲ್ ಕ್ರೆಟಾದ ಆರು ಗೇರಿನದು ಈ ಬಗೆಯವು.

ಈ ಲೇಖನದ ಬಹುಪಾಲು ನಾಲ್ಕನೆಯದರ ಬಗ್ಗೆ. ಮನೆಯಲ್ಲಿ ಕೈ ಹಾಕಲು ಸ್ವಲ್ಪವಾದರೂ ಅವಕಾಶ ಕೊಡುವುದು ಅದೇ. ಸಿವಿಟಿಯಲ್ಲಿ ಸರಿಯಾದ ಆಯಿಲ್ ಬದಲಿಸುವುದರಾಚೆ ಏನೂ ಬೇಡ. ಡಿಎಸ್‌ಜಿಯ ಕ್ಲಚ್ಚಿಗೂ ಅದನ್ನು ನಡೆಸುವ ಮೆಕಾಟ್ರಾನಿಕ್ ಘಟಕಕ್ಕೂ ವಿಶೇಷ ಸಲಕರಣೆ, ಸಾಫ್ಟ್‌ವೇರ್ ಎರಡೂ ಬೇಕು. ಅದರ ಹತ್ತಿರ ಹೋಗದಿರುವುದೇ ಉಳಿತಾಯ.

ಟಾರ್ಕ್ ಕನ್ವರ್ಟರ್ ಕೆಲಸ ಮಾಡುವ ರೀತಿ ಹೀಗೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ, ಅದರ ಗಾಳಿಗೆ ಇನ್ನೊಂದು ತಾನಾಗಿ ತಿರುಗುತ್ತದಲ್ಲ, ಅದೇ ತತ್ವ. ಇಲ್ಲಿ ಗಾಳಿಯ ಬದಲು ಆಯಿಲ್. ಎಂಜಿನ್ ಒಂದು ಬದಿಯನ್ನು ತಿರುಗಿಸುತ್ತದೆ, ಆಯಿಲ್ ಇನ್ನೊಂದು ಬದಿಯನ್ನು ತಳ್ಳುತ್ತದೆ. ಅದೇ ಆಯಿಲ್ಲಿನ ಒತ್ತಡ, ಆಯಿಲ್ಲಿನ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್ ಬಾಡಿಯ ಮೂಲಕ, ಒಳಗಿನ ಕ್ಲಚ್ ಪ್ಲೇಟುಗಳನ್ನು ಅಮುಕಿ ಗೇರ್ ಬದಲಿಸುತ್ತದೆ; ಎಲ್ಲವನ್ನೂ ತಂಪಾಗಿಡುವುದೂ ಅದೇ. ಇಷ್ಟು ಕೆಲಸ ಒಂದೇ ದ್ರವದ ಮೇಲೆ ಬಿದ್ದಿರುವುದರಿಂದ ಅದರ ಗುಣ ಸ್ವಲ್ಪ ಕೆಟ್ಟರೂ ಗೇರ್‌ಬಾಕ್ಸ್ ನರಳುತ್ತದೆ. ಪ್ಲೇಟುಗಳು ಜಾರದೆ ಹಿಡಿಯಬೇಕು, ಆದರೆ ಝಟ್ಟನೆ ಕಚ್ಚಿಕೊಳ್ಳಬಾರದು. ಈ ಹದಕ್ಕಾಗಿ 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಗೇರ್‌ಬಾಕ್ಸ್ ಆಯಿಲ್ಲಿಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಿಮಿಂಗಿಲಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿದ ಮೇಲೆ ತಯಾರಕರು ಬದಲಿ ರಾಸಾಯನಿಕ ಹುಡುಕಬೇಕಾಯಿತು.

ಇಳಿಸುವ ಮೊದಲು

ಬೆಳಗ್ಗೆ ಗೇರ್ ಲಿವರ್ ‘ಪಿ’ಯಿಂದ ಅಲುಗುವುದೇ ಇಲ್ಲ ಅನ್ನಿ. ಟೋಯಿಂಗ್ ಗಾಡಿಗೆ ಫೋನ್ ಮಾಡುವ ಮೊದಲು ಯಾರನ್ನಾದರೂ ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಬ್ರೇಕ್ ದೀಪ ಹೊತ್ತದಿದ್ದರೆ ಕೆಟ್ಟಿರುವುದು ಫ್ಯೂಸು ಅಥವಾ ಪೆಡಲ್ಲಿನ ಬಳಿಯ ಸಣ್ಣ ಸ್ವಿಚ್ಚು. ಬ್ರೇಕ್ ಒತ್ತಿದ ಸುದ್ದಿ ತಲುಪದೆ ಲಿವರಿನ ಬೀಗ ತೆರೆಯುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಲಿವರಿನ ಪಕ್ಕದಲ್ಲೇ ಸಣ್ಣ ಮುಚ್ಚಳವೊಂದಿದ್ದು, ಅದನ್ನು ತೆಗೆದು ಕೀಲಿ ಅಥವಾ ಸ್ಕ್ರೂಡ್ರೈವರ್ ಒತ್ತಿದರೆ ತಾತ್ಕಾಲಿಕವಾಗಿ ಲಿವರ್ ಬಿಡುತ್ತದೆ. ಕೆಲವೇ ನೂರು ರೂಪಾಯಿಯ ಸ್ವಿಚ್ಚಿಗಾಗಿ ಕಾರನ್ನು ಟ್ರಕ್ಕಿನ ಮೇಲೆ ಹೇರಿಕೊಂಡು ಹೋದವರು ಕಡಿಮೆಯಲ್ಲ.

ಗೇರ್ ಬಿದ್ದಾಗ ‘ದಡ್’ ಎಂದು ಹೊಡೆಯುತ್ತಿದ್ದರೆ ಎಂಜಿನ್ ಮೌಂಟಿನ ರಬ್ಬರ್ ಹರಿದಿರಬಹುದು. ಜಗ್ಗಿ ಜಗ್ಗಿ ಓಡುತ್ತಿದ್ದರೆ ಸ್ಪಾರ್ಕ್ ಪ್ಲಗ್ಗು ಅಥವಾ ಕಾಯಿಲ್ ಕೈಕೊಟ್ಟಿರಬಹುದು. ಬ್ಯಾಟರಿ ಸೊರಗಿದರೂ ಗೇರ್‌ಬಾಕ್ಸಿನ ಕಂಪ್ಯೂಟರು ಇಲ್ಲದ ದೋಷಗಳನ್ನೆಲ್ಲ ಬರೆದುಕೊಳ್ಳುತ್ತದೆ. ಹಾಗಾಗಿ ಮೊದಲು ಬ್ಯಾಟರಿ, ಪ್ಲಗ್ಗು, ಮೌಂಟು ನೋಡಿ, ಆಮೇಲೆ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ. ಪಿ 0700 ಎಂದು ಬಂದರೆ ‘ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದೂರು ಇದೆ, ಅಲ್ಲಿ ನೋಡಿ’ ಎಂದಷ್ಟೇ ಅರ್ಥ. ಆ ದೂರನ್ನು ಓದಲು ಗೇರ್‌ಬಾಕ್ಸ್ ಕಂಪ್ಯೂಟರಿನೊಳಗೆ ಹೋಗಬಲ್ಲ ಸ್ಕ್ಯಾನರ್ ಬೇಕು. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ನಿನದನ್ನು ಮಾತ್ರ ಓದುತ್ತವೆ. ಪಿ 0715, ಪಿ 0720 ಬಂದರೆ ವೇಗ ಅಳೆಯುವ ಸೆನ್ಸರ್ ಅಥವಾ ಅದರ ವೈರಿನ ಕಡೆ ಬೆರಳು. ಎಷ್ಟೋ ಕಾರುಗಳಲ್ಲಿ ಈ ಸೆನ್ಸರು ಹೊರಗೇ ಇದ್ದು ಒಂದೇ ಬೋಲ್ಟಿನಲ್ಲಿ ಕೂತಿರುತ್ತದೆ. ಪಿ 0730 ಮಾತ್ರ ಒಳ್ಳೆಯ ಸುದ್ದಿಯಲ್ಲ: ಹಾಕಿದ ಗೇರಿಗೂ ಬಂದ ವೇಗಕ್ಕೂ ತಾಳೆಯಾಗುತ್ತಿಲ್ಲ, ಅಂದರೆ ಒಳಗೆ ಏನೋ ಜಾರುತ್ತಿದೆ. ಕಾರು ಒಂದೇ ಗೇರಿನಲ್ಲಿ ನಿಂತುಬಿಟ್ಟರೆ ಗಾಬರಿ ಬೇಡ. ಹೆಚ್ಚಿನ ಹಾನಿಯಾಗದಂತೆ ಕಂಪ್ಯೂಟರೇ ಕಟ್ಟಿಹಾಕಿರುತ್ತದೆ.

ಯಂತ್ರವೇ ಕೆಲವು ಸುಳಿವು ಕೊಡುತ್ತದೆ. ‘ಡಿ’ಗೆ ಹಾಕಿ ಎರಡು ಮೂರು ಸೆಕೆಂಡಾದರೂ ಕಾರು ಎಳೆಯದಿದ್ದರೆ ಆಯಿಲ್ ಕಡಿಮೆಯಿದೆ ಅಥವಾ ಒಳಗಿನ ಸೀಲುಗಳು ಗಟ್ಟಿಯಾಗಿವೆ. ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟುಗಳು ಜಾರುತ್ತಿವೆ. ಹಗುರಾಗಿ ಆಕ್ಸಿಲರೇಟರ್ ಒತ್ತಿ ಒಂದೇ ವೇಗದಲ್ಲಿ ಹೋಗುವಾಗ, ಒರಟು ರಸ್ತೆಯ ಮೇಲೆ ಹೋದ ಹಾಗೆ ನಡುಕ ಬಂದರೆ ಕನ್ವರ್ಟರಿನ ಎರಡು ಬದಿಗಳನ್ನು ಒಂದಾಗಿ ಹಿಡಿಯುವ ಲಾಕಪ್ ಕ್ಲಚ್ ಮೇಲೆ ಅನುಮಾನ; ಇದು ಹೊಸ ಆಯಿಲ್ಲಿಗೆ ಸುಧಾರಿಸುವ ಸಂಭವ ಇರುವ ದೋಷ. ರಿವರ್ಸ್ ಒಂದೇ ಬೀಳದಿದ್ದರೆ ಆಯಿಲ್ ಬದಲಿಸಿ ಪ್ರಯೋಜನ ಕಾಣುವುದು ಅಪರೂಪ.

ಆಯಿಲ್ ಬದಲಿಸುವ ಕೆಲಸ

ಹೊಸ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಸಾಮಾನ್ಯವಾಗಿ ಕೆಂಪಗಿರುತ್ತದೆ. ಓಡಿದಂತೆ ಕಂದುಬಣ್ಣಕ್ಕೆ ತಿರುಗುವುದು ಸಹಜ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಬೆಂದಿವೆ. ನಸುಗೆಂಪಾಗಿ, ಗಟ್ಟಿ ನೊರೆಯಾಗಿ ಬಂದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲೆಂಟ್ ಬೆರೆತಿದೆ. ಆ ಕಾರನ್ನು ಒಂದು ಕಿಲೋಮೀಟರೂ ಓಡಿಸಬೇಡಿ.

ಅಂಗಡಿಯಲ್ಲಿ ‘ಒಂದು ಲೀಟರ್ ಎಟಿಎಫ್ ಕೊಡಿ’ ಎಂದರೆ ಆಗುವುದಿಲ್ಲ. ಹ್ಯುಂಡೈನ ಹಳೆಯ ನಾಲ್ಕು ಗೇರಿನ ಗೇರ್‌ಬಾಕ್ಸಿಗೆ ಎಸ್‌ಪಿ-3, ಆರು ಗೇರಿನದಕ್ಕೆ ಎಸ್‌ಪಿ-4. ಇನೋವಾ ಕ್ರಿಸ್ಟಾದಂಥ ಟೊಯೊಟಾಗೆ ಡಬ್ಲ್ಯುಎಸ್. ಹೋಂಡಾ ಸಿಟಿಯ ಹಳೆಯ ಐದು ಗೇರಿನದಕ್ಕೆ ಡಿಡಬ್ಲ್ಯು-1, ಈಚಿನ ಸಿವಿಟಿಗೆ ಎಚ್‌ಸಿಎಫ್-2. ಸಿವಿಟಿಗೆ ಮಾಮೂಲಿ ಎಟಿಎಫ್ ಸುರಿದರೆ ಬೆಲ್ಟು ಪುಲ್ಲಿಗಳ ನಡುವೆ ಬೇಕಾದ ಹಿಡಿತ ಸಿಗದೆ ಜಾರುತ್ತದೆ, ಜಾರಿದಷ್ಟೂ ಪುಲ್ಲಿಯ ಮೇಲೆ ಗೀರು ಬೀಳುತ್ತದೆ. ಎಎಂಟಿಯ ಆಕ್ಚುಯೇಟರ್ ಡಬ್ಬಿಗೂ ಅದರದೇ ಆಯಿಲ್ ಇದೆ, ಬ್ರೇಕ್ ಆಯಿಲ್ ನಡೆಯುವುದಿಲ್ಲ. ‘ಎಲ್ಲಕ್ಕೂ ಒಂದೇ’ ಎಂದು ಬರೆದ ಡಬ್ಬಗಳನ್ನು ನಾನಂತೂ ನಂಬುವುದಿಲ್ಲ. ಕಾರಿನ ಮ್ಯಾನ್ಯುಯಲ್ಲಿನಲ್ಲಿ ಬರೆದ ಹೆಸರು ಡಬ್ಬದ ಮೇಲೂ ಇದ್ದರೆ ಮಾತ್ರ ಕೊಳ್ಳಿ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ನಾಲ್ಕೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು, ಅಲುಗಾಡಿಸಿ ನೋಡಿ, ಆಮೇಲೆಯೇ ಕೆಳಗೆ ತೂರಿ. ಕಾರು ಒಂದು ಬದಿಗೆ ವಾಲಿದ್ದರೆ ಆಯಿಲ್ ಮಟ್ಟದ ಲೆಕ್ಕವೂ ತಪ್ಪುತ್ತದೆ. ಲಾಂಗ್ ಡ್ರೈವ್ ಮುಗಿಸಿ ಬಂದ ತಕ್ಷಣ ಆಯಿಲ್ ಇಳಿಸುವ ಪ್ಲಗ್ಗು ಬಿಚ್ಚಬೇಡಿ, ಕೈ ಸುಡುತ್ತದೆ, ಉಗುರುಬೆಚ್ಚಗಿದ್ದರೆ ಸಾಕು. ಕೆಳಗಿರುವುದು ಗೇರ್‌ಬಾಕ್ಸಿನ ಪ್ಲಗ್ಗೋ ಎಂಜಿನ್ನಿನದೋ ಎಂದು ಎರಡು ಸಲ ನೋಡಿ. ಇಲ್ಲಿ ಎಡವಿದರೆ ಗೇರ್‌ಬಾಕ್ಸ್ ಖಾಲಿ, ಎಂಜಿನ್ನಿನಲ್ಲಿ ಎರಡರಷ್ಟು ಆಯಿಲ್. ಇನ್ನೊಂದು ನಿಯಮ: ಆಯಿಲ್ ಇಳಿಸುವ ಪ್ಲಗ್ಗಿಗಿಂತ ಮೊದಲು ತುಂಬುವ ಪ್ಲಗ್ಗನ್ನು ಸಡಿಲಿಸಿ. ಅದು ತುಕ್ಕು ಹಿಡಿದು ಬಿಚ್ಚದೆ ಹೋದರೆ, ಖಾಲಿ ಗೇರ್‌ಬಾಕ್ಸಿನ ಕಾರು ಅಂಗಳದಲ್ಲೇ ಉಳಿಯುತ್ತದೆ.

ಇಳಿದ ಆಯಿಲನ್ನು ಅಳತೆ ಡಬ್ಬದಲ್ಲಿ ಹಿಡಿಯಿರಿ. ಎಷ್ಟು ಇಳಿಯಿತೋ ಅಷ್ಟೇ ಮೊದಲ ಸಲ ತುಂಬಬೇಕಾದ್ದು. ಪ್ಯಾನಿನ ಬೋಲ್ಟುಗಳನ್ನು ಒಂದು ಬದಿಯಿಂದ ಬಿಚ್ಚುತ್ತ ಬಂದು ಇನ್ನೊಂದು ಬದಿಯವನ್ನು ಸಡಿಲವಾಗಿ ಉಳಿಸಿದರೆ, ಒಳಗೆ ನಿಂತ ಆಯಿಲ್ ಮುಖದ ಮೇಲೆ ಸುರಿಯದೆ ಓರೆಯಾಗಿ ಇಳಿಯುತ್ತದೆ. ಪ್ಯಾನಿನೊಳಗಿನ ಅಯಸ್ಕಾಂತವನ್ನು ಒರೆಸುವ ಮುಂಚೆ ಒಂದು ಫೋಟೊ ತೆಗೆದಿಡಿ. ಬೂದುಬಣ್ಣದ ನುಣುಪಾದ ಕೆಸರು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು, ಪ್ಯಾನಿನಲ್ಲಿ ಹೊಳೆಯುವ ಹಿತ್ತಾಳೆ ಬಣ್ಣದ ಪುಡಿ, ಕರಿ ಪ್ಲೇಟಿನ ಹೊಪ್ಪಳೆ ಕಂಡರೆ ಹೊಸ ಆಯಿಲ್ ಸುರಿಯುವುದು ದಂಡ. ಮುಚ್ಚಿ ಗ್ಯಾರೇಜಿಗೆ ಕಳಿಸಿ.

ಫಿಲ್ಟರ್ ಎಳೆದಾಗ ಅದರ ರಬ್ಬರ್ ರಿಂಗು ಒಳಗೇ ಅಂಟಿಕೊಂಡು ಉಳಿಯುವುದುಂಟು. ನೋಡದೆ ಹೊಸ ರಿಂಗಿನ ಫಿಲ್ಟರ್ ತುರುಕಿದರೆ ಅದು ಸರಿಯಾಗಿ ಕೂರದೆ ಆಯಿಲ್ ಪಂಪು ಗಾಳಿ ಎಳೆಯುತ್ತದೆ. ಒರೆಸಲು ಕಾಟನ್ ವೇಸ್ಟ್ ಬೇಡವೇ ಬೇಡ. ಅದರ ಎಳೆಯೊಂದು ವಾಲ್ವ್ ಬಾಡಿಯ ಸಣ್ಣ ದಾರಿಗೆ ಸಿಕ್ಕಿದರೆ ವಾಲ್ವು ಅಂಟಿ ನಿಲ್ಲುತ್ತದೆ. ಸಿಲಿಕಾನ್ ಸೀಲಂಟನ್ನೂ ಧಾರಾಳವಾಗಿ ಬಳಿಯಬೇಡಿ. ಹೊರಗೆ ಎಷ್ಟು ಉಬ್ಬುತ್ತದೋ ಒಳಗೂ ಅಷ್ಟೇ ಉಬ್ಬಿ, ಕಳಚಿ, ಫಿಲ್ಟರಿಗೆ ಬೀಳುತ್ತದೆ. ಪ್ಯಾನಿನ ಬೋಲ್ಟುಗಳು ಚಿಕ್ಕವು. ಬಹುತೇಕ ಕಾರುಗಳಲ್ಲಿ 10 ನ್ಯೂಟನ್ ಮೀಟರಿನ ಆಸುಪಾಸು ಸಾಕು. ಮ್ಯಾನ್ಯುಯಲ್ ನೋಡಿ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಜೋರಾಗಿ ಬಿಗಿದಷ್ಟೂ ಪ್ಯಾನಿನ ಅಂಚು ಬಾಗಿ ಸೋರುತ್ತದೆ.

ಎಲ್ಲರೂ ತಪ್ಪುವುದು ಮಟ್ಟ ನೋಡುವಲ್ಲಿ. ಎಂಜಿನ್ ಆಯಿಲ್ಲಿನಂತೆ ತಣ್ಣಗಿದ್ದಾಗ ಡಿಪ್‌ಸ್ಟಿಕ್ ಎಳೆದು ನೋಡಿದರೆ ಉತ್ತರ ತಪ್ಪು. ಡಿಪ್‌ಸ್ಟಿಕ್ ಇರುವ ಬಹಳಷ್ಟು ಕಾರುಗಳಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿರಬೇಕು, ಎಂಜಿನ್ ಓಡುತ್ತಿರಬೇಕು, ಬ್ರೇಕ್ ಒತ್ತಿ ಲಿವರನ್ನು ಪ್ರತಿ ಸ್ಥಾನದಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ತಂದಿರಬೇಕು. ಕೊನೆಗೆ ‘ಪಿ’ಯೋ ‘ಎನ್’ನೋ ಎಂಬುದನ್ನು ಮ್ಯಾನ್ಯುಯಲ್ ಹೇಳುತ್ತದೆ. ಹೋಂಡಾದ್ದು ಬೇರೆಯೇ ದಾರಿ: ಬಿಸಿಯಾದ ಮೇಲೆ ಎಂಜಿನ್ ಆರಿಸಿ ಒಂದೆರಡು ನಿಮಿಷದೊಳಗೆ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಈಚಿನ ಗೇರ್‌ಬಾಕ್ಸುಗಳಲ್ಲಿ ಕೆಳಗಿನ ಓವರ್‌ಫ್ಲೋ ಪ್ಲಗ್ಗು ಬಿಚ್ಚಿ, ಹೆಚ್ಚಿನದು ಹರಿದು ಹೋಗಿ ತೊಟ್ಟಿಕ್ಕುವ ಹಂತಕ್ಕೆ ಬಂದಾಗ ಮುಚ್ಚಬೇಕು. ಆಗ ಆಯಿಲ್ಲಿನ ಉಷ್ಣತೆ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿರಬೇಕು. ಅದನ್ನು ಸ್ಕ್ಯಾನರಿನಲ್ಲೇ ನೋಡಬೇಕು. ಹೆಚ್ಚು ಬಿಸಿಯಿದ್ದಾಗ ನೋಡಿದರೆ ಆಯಿಲ್ ಹಿಗ್ಗಿ ಬೇಕಾದ್ದೂ ಹರಿದುಹೋಗುತ್ತದೆ, ತಣ್ಣಗಿದ್ದಾಗ ನೋಡಿದರೆ ಹೆಚ್ಚು ತುಂಬಿಬಿಡುತ್ತೇವೆ. ಕಡಿಮೆಯಾದರೆ ಪ್ಲೇಟು ಜಾರುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸಿ, ಒತ್ತಡ ಬಿದ್ದು, ಆಗಲೂ ಪ್ಲೇಟು ಜಾರುತ್ತದೆ.

ಒಂದು ಸಲ ಇಳಿಸಿದರೆ ಹೊರಬರುವುದು ಒಟ್ಟು ಆಯಿಲ್ಲಿನ ಮೂರನೇ ಒಂದರಿಂದ ಅರ್ಧ ಮಾತ್ರ. ಉಳಿದದ್ದು ಕನ್ವರ್ಟರಿನಲ್ಲೂ ಪೈಪುಗಳಲ್ಲೂ ಕೂತಿರುತ್ತದೆ. ಕೆಲವು ದಿನ ಓಡಿಸಿ ಮತ್ತೆ ಇಳಿಸಿ ತುಂಬಿ. ಇದು ಒತ್ತಡ ಹಾಕಿ ಮಾಡುವ ಫ್ಲಶ್ಶಿಗಿಂತ ನಿಧಾನ, ಆದರೆ ಹಳೆಯ ಗೇರ್‌ಬಾಕ್ಸಿಗೆ ಕ್ಷೇಮ. ‘ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಎನ್ನುವವರಿಗೆ ಒಂದು ಮಾತು: ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ 8 ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ. ಇನ್ನು ‘ಹೊಸ ಆಯಿಲ್ ಹಾಕಿದ ಮೇಲೆಯೇ ಗೇರ್‌ಬಾಕ್ಸ್ ಸತ್ತಿತು’ ಎಂಬ ದೂರು ಬರುವುದು ಬಹುತೇಕ ಮೊದಲೇ ಜಾರುತ್ತಿದ್ದ ಗೇರ್‌ಬಾಕ್ಸುಗಳಿಂದ. ಸವೆದ ಪ್ಲೇಟನ್ನು ಯಾವ ಆಯಿಲೂ ಮತ್ತೆ ಬೆಳೆಸುವುದಿಲ್ಲ.

ಇಳಿಸಲೇಬೇಕಾದರೆ

ಚಿಕ್ಕ ಕಾರಿನ ಗೇರ್‌ಬಾಕ್ಸ್ ಕೂಡ ಇಬ್ಬರು ಹೊರಲು ತಿಣುಕುವಷ್ಟು ಭಾರ. ಅದನ್ನು ಕಳಚಿದರೆ ಎಂಜಿನ್ನಿಗೆ ಒಂದು ಬದಿಯ ಆಸರೆ ಹೋಗುತ್ತದೆ, ಮೇಲಿನಿಂದ ತೂಗು ಹಾಕಬೇಕು. ಒಳಗಿನ ಹೊಸ ಪ್ಲೇಟುಗಳನ್ನು ಆಯಿಲ್ಲಿನಲ್ಲಿ ನೆನೆಸಿ ಜೋಡಿಸಬೇಕು, ಅವುಗಳ ನಡುವಿನ ಸಂದು ಮಿಲಿಮೀಟರಿನ ಭಾಗಗಳಲ್ಲಿ ಅಳೆಯಬೇಕು. ಎಲ್ಲ ಸರಿಯಾಗಿ ಮಾಡಿಯೂ ಕೊನೆಯ ಹಂತದಲ್ಲಿ ಕೆಡುವುದುಂಟು. ಕನ್ವರ್ಟರ್ ಗೇರ್‌ಬಾಕ್ಸಿನೊಳಗೆ ಮೆಟ್ಟಿಲುಮೆಟ್ಟಿಲಾಗಿ, ಶಾಫ್ಟುಗಳಿಗೂ ಪಂಪಿಗೂ ಕಚ್ಚಿಕೊಂಡು ಪೂರ್ತಿ ಕೂರಬೇಕು. ಕೊನೆಯ ಮೆಟ್ಟಿಲು ಕೂರದೆ ಎಂಜಿನ್ನಿಗೆ ತಾಗಿಸಿ, ಉಳಿದ ಸಂದನ್ನು ಬೋಲ್ಟು ಬಿಗಿದು ಎಳೆದುಕೊಂಡರೆ ಪಂಪು ಒಡೆಯುತ್ತದೆ. ಎಂಜಿನ್ನೂ ಗೇರ್‌ಬಾಕ್ಸೂ ತಾವಾಗಿ ಕೂಡಬೇಕು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಹಾಗಾಗಿ ಇಲ್ಲಿ ನಿಮ್ಮ ಕೆಲಸ ಸರಿಯಾದ ಪ್ರಶ್ನೆ ಕೇಳುವುದು. ಕನ್ವರ್ಟರನ್ನು ಏನು ಮಾಡುತ್ತೀರಿ? ಅದು ಬೆಸೆದು ಮುಚ್ಚಿದ ಭಾಗ. ಒಳಗೆ ಲೋಹದ ಪುಡಿ ಸೇರಿದ್ದರೆ ಬದಲಿಸಬೇಕು, ಇಲ್ಲವೇ ಕತ್ತರಿಸಿ ದುರಸ್ತಿ ಮಾಡುವವರಿಗೆ ಕಳಿಸಬೇಕು. ಕೂಲರನ್ನೂ ಅದರ ಪೈಪುಗಳನ್ನೂ ತೊಳೆಯುತ್ತೀರಾ? ಹಳೆಯ ಪುಡಿ ಅಲ್ಲೇ ಉಳಿದರೆ ಹೊಸದಾಗಿ ಕಟ್ಟಿದ ಗೇರ್‌ಬಾಕ್ಸಿಗೂ ಅದೇ ಗತಿ. ಬಿಚ್ಚಿದ ಹಳೆಯ ಭಾಗ ತೋರಿಸುತ್ತೀರಾ? ವಾರಂಟಿ ಬಿಲ್ಲಿನಲ್ಲಿ ಬರೆದುಕೊಡುತ್ತೀರಾ? ಇವಕ್ಕೆ ನೇರ ಉತ್ತರ ಕೊಡದ ಕಡೆ ಕೀಲಿ ಕೊಡಬೇಡಿ. ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ತರುವುದಾದರೆ ಅದರ ಮೇಲಿನ ಕೋಡ್ ನಿಮ್ಮದರ ಜೊತೆ ಅಕ್ಷರಶಃ ಹೊಂದಬೇಕು. ನೀರಿನಲ್ಲಿ ಮುಳುಗಿದ ಕಾರಿನದು ಎಷ್ಟೇ ಅಗ್ಗವಾದರೂ ಬೇಡ. ಗೇರ್‌ಬಾಕ್ಸಿಗೆ ಉಸಿರಾಡುವ ಸಣ್ಣ ಕೊಳವೆ ಇರುತ್ತದೆ, ನೀರು ಅಲ್ಲಿಂದ ಒಳಹೊಕ್ಕು ಪ್ಲೇಟುಗಳ ಅಂಟನ್ನು ಬಿಡಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಆದಂತೆ ಕಾರು ನೀರಿನಲ್ಲಿ ನಿಂತಿದ್ದರೆ ಸ್ಟಾರ್ಟ್ ಮಾಡದೆಯೇ ಸಾಗಿಸಿ.

ಆಮೇಲೆ

ಆಯಿಲ್ ಬದಲಿಸಿದ ದಿನ ಮನೆಯ ಸುತ್ತಮುತ್ತಲೇ ಓಡಿಸಿ, ವಾಪಸು ಬಂದು ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಗ್ಗೆ ರಟ್ಟಿನ ಮೇಲೆ ಕೆಂಪು ಕಲೆ ಇಲ್ಲದಿದ್ದರೆ ಪ್ಯಾನಿನ ಪ್ಯಾಕಿಂಗ್ ಸರಿಯಾಗಿ ಕೂತಿದೆ. ಮಟ್ಟವನ್ನು ಇನ್ನೊಮ್ಮೆ ನೋಡಿ.

ಮೊದಲ ಕೆಲವು ದಿನ ಗೇರ್ ಬೀಳುವುದು ಒರಟಾಗಿರಬಹುದು. ಸವೆದ ಪ್ಲೇಟು, ಹಳಸಿದ ಆಯಿಲ್ಲಿಗೆ ತಕ್ಕಂತೆ ಒತ್ತಡ ಹೊಂದಿಸಿಕೊಂಡಿದ್ದ ಕಂಪ್ಯೂಟರು ಹೊಸದಕ್ಕೂ ಅದೇ ಲೆಕ್ಕ ಹಾಕುತ್ತಿರುತ್ತದೆ. ಸ್ಕ್ಯಾನರಿನಿಂದ ಹಳೆಯ ಲೆಕ್ಕ ಅಳಿಸಿ ಹೊಸದಾಗಿ ಕಲಿಸಬಹುದು. ಅನೇಕ ಕಾರುಗಳಲ್ಲಿ ಬ್ಯಾಟರಿ ತಂತಿ ಕಳಚಿಟ್ಟ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಎಎಂಟಿಯಲ್ಲಿ ಕ್ಲಚ್ ಬದಲಿಸಿದರಂತೂ ಕ್ಲಚ್ ಎಲ್ಲಿ ಕಚ್ಚುತ್ತದೆ ಎಂಬುದನ್ನು ಸ್ಕ್ಯಾನರ್ ಹಾಕಿ ಕಲಿಸಲೇಬೇಕು. ಆ ದಿನಗಳಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ, ಎಲ್ಲ ಗೇರುಗಳೂ ಬರುವಂತೆ ನಿಂತು ಹೊರಡುವ ಊರ ರಸ್ತೆಯಲ್ಲಿ ಓಡಿಸಿ. ಶಿರಾಡಿ, ಚಾರ್ಮಾಡಿ ಘಾಟಿಯ ಪ್ರಯಾಣ ಸ್ವಲ್ಪ ಮುಂದೂಡಿ. ಮುಂದೆ ಘಾಟಿಗೆ ಹೋದಾಗಲೂ ‘ಡಿ’ಯಲ್ಲೇ ಬಿಡದೆ ‘2’ ಅಥವಾ ‘ಎಲ್’ ಬಳಸಿದರೆ ಗೇರ್ ಪದೇಪದೇ ಬದಲಾಗಿ ಆಯಿಲ್ ಕಾಯುವುದು ತಪ್ಪುತ್ತದೆ. ಎಎಂಟಿ, ಡಿಸಿಟಿ ಕಾರನ್ನು ಏರಿನಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸುವ ಚಾಳಿ ಕ್ಲಚ್ಚನ್ನು ಸುಡುತ್ತದೆ. ಮೇಲ್ಸೇತುವೆಯ ಏರಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಒರಟುತನ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಬದಲಿಗೆ ಆರ್‌ಪಿಎಂ ಏರಿ ಜಾರಿದರೆ, ‘ಡಿ’ ಹಿಡಿಯಲು ತಡವಾದರೆ, ಎಂಜಿನ್ ವೇಗದ ಜೊತೆ ಕುಯ್ಯೆನ್ನುವ ಸದ್ದು ಏರಿದರೆ, ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ಹಾಗೆ ನಿಂತ ಕಾರನ್ನು ಹಗ್ಗ ಕಟ್ಟಿ ಎಳೆಯಬಾರದು. ಎಂಜಿನ್ ಓಡದಿದ್ದರೆ ಪಂಪೂ ಓಡುವುದಿಲ್ಲ, ಆಯಿಲ್ ಸಿಗದೆ ಒಳಗಿನ ಭಾಗಗಳು ಒಣಗಿಕೊಂಡೇ ತಿರುಗುತ್ತವೆ. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಗಾಡಿಯನ್ನೇ ಕೇಳಿ. ಪೂರ್ತಿ ಬಿಚ್ಚಿ ಕಟ್ಟಿದ ಗೇರ್‌ಬಾಕ್ಸಾದರೆ ಸಾವಿರ ಕಿಲೋಮೀಟರ್ ಸುಮಾರಿಗೆ ಆಯಿಲ್ ಇಳಿಸಿ ಅಯಸ್ಕಾಂತವನ್ನು ಇನ್ನೊಮ್ಮೆ ನೋಡಿ, ಮೊದಲಿನ ಫೋಟೊ ಜೊತೆ ಹೋಲಿಸಿ.

ಕಂಪನಿ ವಾರಂಟಿ ಇನ್ನೂ ಇರುವ ಕಾರಿಗೆ ಮನೆಯಲ್ಲಿ ಕೈ ಹಾಕಬೇಡಿ. ಹಾಕಿದ ಗುರುತು ಕಂಡರೆ ಕ್ಲೇಮು ಸಿಗುವುದು ಕಷ್ಟ. ಮಾಮೂಲಿ ವಿಮೆ ಯಾಂತ್ರಿಕ ದೋಷಕ್ಕೆ ಹಣ ಕೊಡುವುದಿಲ್ಲ. ನೀರು ಹೊಕ್ಕ ಹಾನಿಗೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇರುತ್ತದೆ, ಅದರಲ್ಲಿ ಗೇರ್‌ಬಾಕ್ಸೂ ಸೇರಿದೆಯೇ ಎಂದು ಪಾಲಿಸಿ ಓದಿ ಖಚಿತಪಡಿಸಿಕೊಳ್ಳಿ. ಮಾಡಿದ ಕೆಲಸದ ತಾರೀಕು, ಕಿಲೋಮೀಟರ್, ಆಯಿಲ್ಲಿನ ಹೆಸರು, ಇಳಿದದ್ದೆಷ್ಟು ತುಂಬಿದ್ದೆಷ್ಟು ಎಂದು ಸರ್ವಿಸ್ ಪುಸ್ತಕದಲ್ಲಿ ಬರೆದು ಬಿಲ್ಲು ಅಂಟಿಸಿಡಿ. ಕಾರು ಮಾರುವಾಗ ಕೊಳ್ಳುವವರು ಕೇಳುವುದು ಅದನ್ನೇ. ಇಳಿಸಿದ ಹಳೆಯ ಆಯಿಲನ್ನು ಮಾತ್ರ ಚರಂಡಿಗೂ ಮರದ ಬುಡಕ್ಕೂ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಬಳಸಿದ ಆಯಿಲನ್ನು ಅಧಿಕೃತ ಮರುಸಂಸ್ಕರಣೆಯವರಿಗೆ ಕಳಿಸುವ ಸರ್ವಿಸ್ ಸೆಂಟರಿಗೆ ಒಯ್ದು ಕೊಡಿ.